ಪ್ಯಾರಾಟ್ರೂಪರ್ ಆಗುವುದು ಹೇಗೆ: ರ‍್ಯಾಲಿ ಮೈದಾನದಿಂದ ಮರೂನ್ ಟೋಪಿವರೆಗೆ

"ಸರ್, ಪ್ಯಾರಾ ಕಮಾಂಡೋ ಆಗೋಕೆ ಯಾವ ಪರೀಕ್ಷೆ ಬರೀಬೇಕು?" ಪಿಯುಸಿ ಮುಗಿಸಿದ ಹುಡುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ ಇನ್ನೆರಡು. "ಐದು ಸಲ ಜಂಪ್ ಮಾಡಿದ್ರೆ ಪ್ಯಾರಾಟ್ರೂಪರ್ ಆದ ಹಾಗೆ ಅಲ್ವಾ?" "ಹಾಗಾದ್ರೆ ಧೋನಿ ನಿಜವಾದ ಪ್ಯಾರಾಟ್ರೂಪರ್ರಾ?" ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಪ್ಯಾರಾಟ್ರೂಪರ್ ಅಂದರೆ ವಿಮಾನದಿಂದ ಪ್ಯಾರಾಶೂಟಿನಲ್ಲಿ ಇಳಿದು ಹೋರಾಡುವ ಸೈನಿಕ. ಭಾರತೀಯ ಸೇನೆಯ ಪ್ಯಾರಾಶೂಟ್ ರೆಜಿಮೆಂಟ್ ಮನಸ್ಸಿನಲ್ಲಿರುವವರಿಗೆ ಇದು.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಅಂಥ ಪರೀಕ್ಷೆಯೇ ಇಲ್ಲ. ಯಾರಾದರೂ "ಪ್ಯಾರಾ ಎಸ್‌ಎಫ್ ನೇರ ನೇಮಕಾತಿ" ಅಂತ ಫಾರಂ ಮಾರುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಎರಡನೆಯದಕ್ಕೆ ಉತ್ತರ ಉದ್ದ. ಐದು ಜಂಪಿಗೆ ಎದೆ ಮೇಲೆ ರೆಕ್ಕೆ ಬ್ಯಾಡ್ಜ್ ಬರುತ್ತದೆ, ನಿಜ. ಆದರೆ ಜಂಪ್ ಅನ್ನುವುದು ಕೆಲಸಕ್ಕೆ ಹೋಗುವ ದಾರಿ ಮಾತ್ರ. ಕೆಲಸ ಶುರುವಾಗುವುದು ನೆಲ ಮುಟ್ಟಿದ ಮೇಲೆ.

ಯಾರು ಯಾರು ಅಂತ ಮೊದಲು ತಿಳಿದುಕೊಳ್ಳಿ

ಪ್ಯಾರಾಶೂಟ್ ರೆಜಿಮೆಂಟಿನಲ್ಲಿ ಎರಡು ಬಗೆಯ ಬೆಟಾಲಿಯನ್‌ಗಳಿವೆ. ಒಂದು, ಏರ್‌ಬೋರ್ನ್ ಬೆಟಾಲಿಯನ್. ಇವರು ಕಾಲಾಳು ಪಡೆಯವರೇ. ಆದರೆ ಶತ್ರುವಿನ ಬೆನ್ನ ಹಿಂದೆ ಆಕಾಶದಿಂದ ಇಳಿದು ಸೇತುವೆಯನ್ನೋ ವಿಮಾನ ನಿಲ್ದಾಣವನ್ನೋ ಹಿಡಿದು, ನಮ್ಮ ದೊಡ್ಡ ಪಡೆ ಬರುವವರೆಗೆ ಬಿಟ್ಟುಕೊಡದೆ ನಿಲ್ಲಬೇಕು. ಇನ್ನೊಂದು, ಎಸ್‌ಎಫ್, ಅಂದರೆ ಸ್ಪೆಷಲ್ ಫೋರ್ಸಸ್. ಸಣ್ಣ ಸಣ್ಣ ತಂಡಗಳಲ್ಲಿ ಇನ್ನೂ ಒಳಗೆ ಹೋಗಿ ಕೆಲಸ ಮಾಡುವವರು. ನೀವು "ಪ್ಯಾರಾ ಕಮಾಂಡೋ" ಅನ್ನುವುದು ಇವರನ್ನೇ. ಕಠಾರಿಗೆ ರೆಕ್ಕೆ ಇರುವ, "ಬಲಿದಾನ್" ಅಂತ ಬರೆದ ಬ್ಯಾಡ್ಜ್ ಇವರಿಗೆ ಮಾತ್ರ. ಮರೂನ್ ಬಣ್ಣದ ಬೆರೆ ಟೋಪಿ ಎರಡೂ ಕಡೆ ಇದೆ.

ಇವರಲ್ಲದೆ ಆಗ್ರಾದ 50ನೇ ಪ್ಯಾರಾ ಬ್ರಿಗೇಡಿನಲ್ಲಿ ಫಿರಂಗಿಯವರು, ಎಂಜಿನಿಯರುಗಳು, ಸಿಗ್ನಲ್‌ನವರು, ಡಾಕ್ಟರುಗಳು ಇದ್ದಾರೆ. ಇವರೂ ಜಂಪ್ ಮಾಡುವವರೇ. ಭಾರತೀಯರಲ್ಲಿ ಮೊದಲು ಪ್ಯಾರಾಶೂಟಿನಲ್ಲಿ ಇಳಿದವರಲ್ಲಿ ಒಬ್ಬರು ಡಾಕ್ಟರು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. 1941ರ ಅಕ್ಟೋಬರ್‌ನಲ್ಲಿ, ಕರಾಚಿಯಲ್ಲಿ, ಡಾಕ್ಟರ್ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಇದೇ ರಂಗರಾಜ್ ಮುಂದೆ ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ನಡೆಸಿ ಮಹಾವೀರ ಚಕ್ರ ಪಡೆದರು. ವಾಯುಪಡೆಯ ಡಾಕ್ಟರ್ ಗೀತಾ ಚಂದ 1959ರಲ್ಲೇ ಆಗ್ರಾದಲ್ಲಿ ಜಂಪ್ ಮಾಡಿದರು. ಪ್ಯಾರಾ ಅಂದರೆ ಬರೀ ತೋಳಿನ ಗಾತ್ರ ಅಂದುಕೊಂಡವರು ಇವರನ್ನು ನೆನಪಿಡಿ.

ಇನ್ನು ಧೋನಿ ವಿಷಯ. ಅವರು ಪ್ರಾದೇಶಿಕ ಸೇನೆಯಲ್ಲಿ, ಅಂದರೆ ಟೆರಿಟೋರಿಯಲ್ ಆರ್ಮಿಯಲ್ಲಿ, ಗೌರವ ಲೆಫ್ಟಿನೆಂಟ್ ಕರ್ನಲ್. ಅವರ 106 ಪ್ಯಾರಾ ಬೆಟಾಲಿಯನ್ ಇರುವುದು ನಮ್ಮ ಬೆಂಗಳೂರಿನಲ್ಲೇ. 2015ರ ಆಗಸ್ಟ್‌ನಲ್ಲಿ ಆಗ್ರಾಕ್ಕೆ ಹೋಗಿ ತರಬೇತಿ ಪಡೆದು ಐದು ಜಂಪ್ ಮುಗಿಸಿದರು. ಹಾಗಾಗಿ ರೆಕ್ಕೆ ಅವರದ್ದೇ, ಯಾರೂ ಸುಮ್ನೆ ಕೊಟ್ಟದ್ದಲ್ಲ. ಆದರೆ ಅವರದು ಗೌರವ ಹುದ್ದೆ. ವರ್ಷಪೂರ್ತಿ ಬೆಟಾಲಿಯನ್ನಿನಲ್ಲಿ ದುಡಿಯುವ ಪ್ಯಾರಾ ಸಿಪಾಯಿಯ ಬದುಕು ಬೇರೆ. ನೀವು ಕೇಳುತ್ತಿರುವುದು ಆ ಬದುಕಿನ ಬಗ್ಗೆ ಅಂತ ಅಂದುಕೊಂಡು ಮುಂದೆ ಹೋಗುತ್ತೇನೆ.

ಹಂತ 1: ಮೊದಲು ಸೈನಿಕರಾಗಿ

ಸಿಪಾಯಿಯಾಗಿ ಸೇರಲು ಈಗ ಇರುವ ದಾರಿ ಅಗ್ನಿವೀರ್. ನಾಲ್ಕು ವರ್ಷದ ಸೇವೆ, ಅದರ ಕೊನೆಗೆ ನೂರಕ್ಕೆ 25ರವರೆಗೆ ಮಂದಿಯನ್ನು ಕಾಯಂ ಮಾಡುತ್ತಾರೆ. ಜನರಲ್ ಡ್ಯೂಟಿಗೆ ಎಸ್‌ಎಸ್‌ಎಲ್‌ಸಿ ಸಾಕು. ಒಟ್ಟು 45 ಶೇಕಡಾ, ಪ್ರತಿ ವಿಷಯದಲ್ಲೂ ಕನಿಷ್ಠ 33 ಇರಬೇಕು. ವಯಸ್ಸು ಹದಿನೇಳೂವರೆ ತುಂಬಿರಬೇಕು. ಗರಿಷ್ಠ ವಯಸ್ಸು, ಎತ್ತರ, ಎದೆ ಸುತ್ತಳತೆ ಇವನ್ನೆಲ್ಲ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಹಳೇ ವಿಡಿಯೋ ನೋಡಿಕೊಂಡು ಲೆಕ್ಕ ಹಾಕಬೇಡಿ.

ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಆಮೇಲೆ ರ‍್ಯಾಲಿ, ಅಂದರೆ ಮೈದಾನದಲ್ಲಿ ಓಟ ಮುಂತಾದ ದೈಹಿಕ ಪರೀಕ್ಷೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅರ್ಜಿ ಹಾಕುವಾಗ ಭಾಷೆ ಆರಿಸುವ ಕಡೆ ಕಣ್ಣಿಡಿ. ಕರ್ನಾಟಕದಲ್ಲಿ ಬೆಂಗಳೂರು, ಬೆಳಗಾವಿ, ಮಂಗಳೂರು ಈ ಮೂರು ಕಡೆ ಸೇನಾ ನೇಮಕಾತಿ ಕಚೇರಿಗಳಿವೆ. ನಿಮ್ಮ ಜಿಲ್ಲೆ ಯಾವುದರ ಕೆಳಗೆ ಬರುತ್ತದೆ ಅಂತ ಸೇನೆಯ ಅಧಿಕೃತ ನೇಮಕಾತಿ ಜಾಲತಾಣದಲ್ಲಿ ಗೊತ್ತಾಗುತ್ತದೆ.

ಆಫೀಸರ್ ಆಗಬೇಕು ಅನ್ನುವವರ ದಾರಿ ಬೇರೆ. ಖಡಕ್‌ವಾಸ್ಲಾದ ಎನ್‌ಡಿಎ, ಡೆಹ್ರಾಡೂನಿನ ಐಎಂಎ, ಚೆನ್ನೈನ ಒಟಿಎ, ಇವು ಆಫೀಸರ್‌ಗಳನ್ನು ತಯಾರು ಮಾಡುವ ಅಕಾಡೆಮಿಗಳು. ಕಮಿಷನ್, ಅಂದರೆ ಆಫೀಸರ್ ಹುದ್ದೆ, ಸಿಕ್ಕ ಮೇಲೆ ಪ್ಯಾರಾ ಬೇಕು ಅಂತ ಮುಂದೆ ಬರಬೇಕು.

ಎಚ್ಚರ: ರ‍್ಯಾಲಿ ಸುತ್ತಮುತ್ತ ದಲ್ಲಾಳಿಗಳು ಓಡಾಡುತ್ತಿರುತ್ತಾರೆ. "ಮೆಡಿಕಲ್ ಮಾಡಿಸಿಕೊಡ್ತೀನಿ, ಪ್ಯಾರಾ ಕೊಡಿಸ್ತೀನಿ" ಅನ್ನುತ್ತಾರೆ. ರ‍್ಯಾಲಿಯಲ್ಲಿ ರೆಜಿಮೆಂಟ್ ಆರಿಸಿಕೊಳ್ಳುವ ಅವಕಾಶವೇ ನಿಮಗಿಲ್ಲ. ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಕಳಿಸುತ್ತಾರೆ. ಇಲ್ಲದ್ದನ್ನು ದಲ್ಲಾಳಿ ಎಲ್ಲಿಂದ ಕೊಡಿಸುತ್ತಾನೆ?

ಇನ್ನೊಂದು, ಹಚ್ಚೆ. ಮುಂಗೈ ಒಳಭಾಗ ಮತ್ತು ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆ ಕಾಯಂ ಹಚ್ಚೆ ಇದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ತೋಳಿನ ಮೇಲೆ ಬಲಿದಾನ್ ಬ್ಯಾಡ್ಜನ್ನೇ ಹಾಕಿಸಿಕೊಂಡು, ಅದೇ ಕಾರಣಕ್ಕೆ ಸೇನೆಯಿಂದ ಹೊರಗುಳಿಯಬೇಡಿ.

ಹಂತ 2: ಕಾಲು ಗಟ್ಟಿ ಮಾಡಿ, ಎದೆ ಆಮೇಲೆ

ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ ಇರುತ್ತದೆ. ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್‌ಗೆ 40. ಒಂಬತ್ತು ಅಡಿ ಹಳ್ಳ ಹಾರಬೇಕು, ಅಂಕುಡೊಂಕಾದ ತೊಲೆ ಮೇಲೆ ನಡೆಯಬೇಕು. ಇಷ್ಟು ಸೇನೆಗೆ ಸೇರಲು ಸಾಕು. ಪ್ಯಾರಾಕ್ಕೆ ಇದು ಏನೇನೂ ಅಲ್ಲ.

ಪ್ಯಾರಾದಲ್ಲಿ ಕೇಳುವುದು ವೇಗಕ್ಕಿಂತ ಹೆಚ್ಚಾಗಿ ತಾಳಿಕೆ. ಬೆನ್ನಿಗೆ ಭಾರ ಹೊತ್ತು, ಬೂಟು ಹಾಕಿಕೊಂಡು, ನಿದ್ದೆಯಿಲ್ಲದೆ ಹತ್ತು, ಇಪ್ಪತ್ತು, ನಲವತ್ತು ಕಿಲೋಮೀಟರ್ ಹೋಗುವುದು. ಇದನ್ನು ಕೇಳಿದ ಹುಡುಗರು ಮರುದಿನವೇ ಬ್ಯಾಗಿಗೆ ಮರಳು ತುಂಬಿಕೊಂಡು ಟಾರು ರಸ್ತೆಯಲ್ಲಿ ಓಡುತ್ತಾರೆ. ಅದೇ ದೊಡ್ಡ ತಪ್ಪು. ಮೊಣಕಾಲಿನ ಕೆಳಗೆ ಮುಂದಿನ ಎಲುಬಿನಲ್ಲಿ ಸಣ್ಣ ಬಿರುಕು ಬರುತ್ತದೆ. ಅದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತಾರೆ. ಮೊದಲು ಬರೀ ನೋವು ಅನ್ನಿಸುತ್ತದೆ. ಓಡುತ್ತಲೇ ಇದ್ದರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ.

ಹೀಗೆ ಮಾಡಿ. ಮೊದಲ ಎರಡು ಮೂರು ತಿಂಗಳು ಭಾರವೇ ಬೇಡ. ಮಣ್ಣಿನ ಮೈದಾನದಲ್ಲಿ, ಕೆರೆ ಏರಿ ಮೇಲೆ ನಿಧಾನವಾಗಿ ಓಡಿ ದೂರ ಹೆಚ್ಚಿಸಿ. ಆಮೇಲೆ ಐದಾರು ಕಿಲೋ ಹೊತ್ತು ನಡೆಯಿರಿ, ಓಡಬೇಡಿ. ಭಾರ ಸ್ವಲ್ಪ ಸ್ವಲ್ಪವಾಗಿಯೇ ಏರಲಿ. ಹತ್ತಿರದಲ್ಲಿ ಗುಡ್ಡ ಇದ್ದರೆ ವಾರಕ್ಕೊಮ್ಮೆ ಹತ್ತಿ ಇಳಿಯಿರಿ. ಇಳಿಯುವಾಗಲೇ ಮೊಣಕಾಲಿಗೆ ನಿಜವಾದ ಪರೀಕ್ಷೆ. ಹಗ್ಗ ಹತ್ತುವುದು, ಪುಲ್‌ಅಪ್, ಈಜು ಇವನ್ನು ಬಿಡಬೇಡಿ. ಈಜು ಬಾರದ ಹಳ್ಳಿ ಹುಡುಗರು ಈಗಲೇ ಕಲಿಯುವುದು ಒಳ್ಳೆಯದು, ಬಾವಿಯಲ್ಲಾದರೂ ಸರಿ, ಗೊತ್ತಿದ್ದವರನ್ನು ಜೊತೆಗಿಟ್ಟುಕೊಂಡು.

ಹಾಗೇ ಒಮ್ಮೆ ಡಾಕ್ಟರಿಗೆ ಪಾದ ತೋರಿಸಿ. ಚಪ್ಪಟೆ ಪಾದ, ನಿಂತಾಗ ಎರಡೂ ಮೊಣಕಾಲು ಒಂದಕ್ಕೊಂದು ತಾಗುವುದು, ಕಣ್ಣಿನ ದೋಷ ಇವು ಮೆಡಿಕಲ್‌ನಲ್ಲಿ ಹೊರಗೆ ಹಾಕಿಸುವ ಸಾಮಾನ್ಯ ಕಾರಣಗಳು.

ಹಿಂದಿಯನ್ನೂ ಈ ಹಂತದಲ್ಲೇ ಕಲಿಯಿರಿ. ಇಷ್ಟವೋ ಕಷ್ಟವೋ, ತರಬೇತಿಯ ಮಾತೆಲ್ಲ ಅದರಲ್ಲೇ. ತರಬೇತಿ ಕೊಡುವ ಉಸ್ತಾದ್ ಹೇಳಿದ್ದು ಅರ್ಥವಾಗದೆ ಪಕ್ಕದವನನ್ನು ನೋಡಿ ಮಾಡುವವನು ಯಾವಾಗಲೂ ಅರ್ಧ ಸೆಕೆಂಡು ಹಿಂದೆ ಇರುತ್ತಾನೆ. ಪರೇಡ್ ಮೈದಾನದಲ್ಲಿ ಅದು ಹೇಗೋ ನಡೆಯುತ್ತದೆ. ವಿಮಾನದ ಬಾಗಿಲಲ್ಲಿ ನಡೆಯಲ್ಲ.

ಹಂತ 3: ನಾನು ಬರುತ್ತೇನೆ ಅಂತ ಹೇಳಬೇಕು

ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನ ಜೆ.ಸಿ. ನಗರದಲ್ಲಿ. ಹಿಂದೆ ಆಗ್ರಾದಲ್ಲಿತ್ತು, 1992ರಲ್ಲಿ ಇಲ್ಲಿಗೆ ಬಂತು. ಮೇಖ್ರಿ ಸರ್ಕಲ್ ಕಡೆಯ ಟ್ರಾಫಿಕ್ಕಿನಲ್ಲಿ ನಿಂತು ಬೈದುಕೊಳ್ಳುವ ಎಷ್ಟೋ ಜನರಿಗೆ, ಹತ್ತಿರದಲ್ಲೇ ಪ್ಯಾರಾ ಸಿಪಾಯಿಗಳು ತಯಾರಾಗುತ್ತಿದ್ದಾರೆ ಅಂತ ಗೊತ್ತಿರುವುದಿಲ್ಲ.

ನೇಮಕಾತಿಯಲ್ಲೇ ಪ್ಯಾರಾಕ್ಕೆ ಹಂಚಿಕೆಯಾದವರು ಇಲ್ಲಿಗೆ ಬರುತ್ತಾರೆ. ಬೇರೆ ರೆಜಿಮೆಂಟಿನಲ್ಲಿ ಇರುವವರೂ ತಾವಾಗಿ ಕೇಳಿಕೊಂಡು ಪ್ಯಾರಾಕ್ಕೆ ಬರಬಹುದು. ಹಾಗೆ ಬಂದವರು ತುಂಬಾ ಜನ. ಆದ್ದರಿಂದ ರ‍್ಯಾಲಿ ಆದ ಮೇಲೆ ಮದ್ರಾಸ್ ರೆಜಿಮೆಂಟೋ ಮರಾಠಾ ಲೈಟ್ ಇನ್‌ಫೆಂಟ್ರಿಯೋ ಸಿಕ್ಕಿತು ಅಂತ ಬೇಸರ ಬೇಡ. ಅಲ್ಲಿ ಒಳ್ಳೆಯ ಸೈನಿಕ ಅನ್ನಿಸಿಕೊಂಡು, ಆಮೇಲೆ ಕೇಳಿ.

ಅಂದ ಹಾಗೆ, ಮರಾಠಾ ಲೈಟ್ ಇನ್‌ಫೆಂಟ್ರಿಗೂ ಪ್ಯಾರಾಕ್ಕೂ ಹಳೇ ನಂಟು. ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿದೆ. 1952ರಲ್ಲಿ ಪ್ಯಾರಾಶೂಟ್ ರೆಜಿಮೆಂಟ್ ಹುಟ್ಟಿದಾಗ ಮೂರು ಬೆಟಾಲಿಯನ್‌ಗಳು ಬಂದು ಸೇರಿದವು. ಪಂಜಾಬ್‌ನದು ಒಂದು, ಕುಮಾವೂಂನದು ಒಂದು, ಇನ್ನೊಂದು ಮೂರನೇ ಮರಾಠಾ. ಅದೇ ಇವತ್ತಿನ 2 ಪ್ಯಾರಾ. 21 ಪ್ಯಾರಾ ಎಸ್‌ಎಫ್‌ನ ಮೂಲವೂ ಮರಾಠಾ ಬೆಟಾಲಿಯನ್ನೇ.

ಇಲ್ಲಿ ಮುಖ್ಯವಾದದ್ದು ಇಷ್ಟು. ಪ್ಯಾರಾಕ್ಕೆ ಯಾರನ್ನೂ ಬಲವಂತವಾಗಿ ತಳ್ಳುವುದಿಲ್ಲ. ಒಪ್ಪಿಕೊಂಡು ಬಂದವರೂ ಮಧ್ಯದಲ್ಲಿ "ಸಾಕು" ಅನ್ನಬಹುದು. ಹಾಗೆ ಬಾಗಿಲು ತೆರೆದಿಟ್ಟಿರುವುದೇ ಮುಂದಿನ ಹಂತದ ಕಷ್ಟ.

ಹಂತ 4: ಪ್ರೊಬೇಷನ್

ಪ್ರೊಬೇಷನ್ ಅಂದರೆ ಪರೀಕ್ಷಾ ಅವಧಿ. ಏರ್‌ಬೋರ್ನ್ ಬೆಟಾಲಿಯನ್‌ಗೆ ಸುಮಾರು ಮೂರು ತಿಂಗಳು. ಎಸ್‌ಎಫ್‌ಗೆ ಅದಕ್ಕಿಂತ ಜಾಸ್ತಿ, ಅದಕ್ಕಿಂತ ಕಠಿಣ. ಇದನ್ನು ನಡೆಸುವುದು ಯಾವುದೋ ಶಾಲೆಯಲ್ಲ, ನೀವು ಸೇರಬೇಕಾದ ಬೆಟಾಲಿಯನ್ನೇ. ನಾಳೆ ನಿಮ್ಮ ಪಕ್ಕದಲ್ಲಿ ಗುಂಡಿಗೆ ಎದೆಯೊಡ್ಡಬೇಕಾದವರೇ ಇವತ್ತು ನಿಮ್ಮನ್ನು ತೂಗಿ ನೋಡುತ್ತಾರೆ. ನನ್ನ ಕೇಳಿದರೆ ಸೈನಿಕನನ್ನು ಪ್ಯಾರಾ ಮಾಡುವುದು ಈ ಹಂತವೇ. ಆಗ್ರಾದ ಜಂಪ್ ಶಾಲೆ ಅಲ್ಲ.

ಏನು ಮಾಡಿಸುತ್ತಾರೆ? ಓಟ, ಭಾರ ಹೊತ್ತ ಸ್ಪೀಡ್ ಮಾರ್ಚ್, ಶಸ್ತ್ರ ಬಿಚ್ಚಿ ಜೋಡಿಸುವುದು, ಗುರಿ, ರಾತ್ರಿ ನಕ್ಷೆ ಹಿಡಿದು ದಾರಿ ಹುಡುಕುವುದು, ಗಾಯಾಳುವನ್ನು ಹೊತ್ತು ಸಾಗುವುದು. ಪಟ್ಟಿ ನೋಡಿದರೆ ಬೇರೆ ಕಡೆಯೂ ಇದೇ ಇದೆಯಲ್ಲ ಅನ್ನಿಸಬಹುದು. ವ್ಯತ್ಯಾಸ ಇರುವುದು ಇವುಗಳ ಮಧ್ಯೆ ಬಿಡುವು ಇಲ್ಲದಿರುವುದರಲ್ಲಿ. ಮಲಗಲು ಎಷ್ಟು ಹೊತ್ತು ಸಿಗುತ್ತದೆ ಗೊತ್ತಿಲ್ಲ. ಮುಂದಿನ ಮಾರ್ಚ್ ಎಷ್ಟು ದೂರ ಗೊತ್ತಿಲ್ಲ. ಮುಗಿಯಿತು ಅಂತ ಬೂಟಿನ ಲೇಸು ಸಡಿಲ ಮಾಡುವಾಗಲೇ ಇನ್ನೊಂದು ಶುರುವಾಗುತ್ತದೆ.

ಇಲ್ಲಿ ಸೋಲುವವರು ಯಾರು ಗೊತ್ತಾ? ಓಡಲು ಆಗದವರಷ್ಟೇ ಅಲ್ಲ. ಚೆನ್ನಾಗಿ ಓಡುವವರೂ ಸೋಲುತ್ತಾರೆ. ಸುಸ್ತಾದಾಗ ಸಿಡುಕುವವನು, ತನ್ನ ನೀರು ಬಚ್ಚಿಟ್ಟುಕೊಳ್ಳುವವನು, ಜೊತೆಗಾರನ ಭಾರ ಹಂಚಿಕೊಳ್ಳದವನು ಕಣ್ಣಿಗೆ ಬೀಳುತ್ತಾನೆ. ತಪ್ಪು ಮುಚ್ಚಿಡಲು ಸುಳ್ಳು ಹೇಳಿದರಂತೂ ಕಥೆ ಮುಗಿಯಿತು. ನಕ್ಷೆಯಲ್ಲಿ ದಾರಿ ತಪ್ಪಿದವನನ್ನು ಉಳಿಸಿಕೊಳ್ಳಬಹುದು. ದಾರಿ ತಪ್ಪಿಲ್ಲ ಅಂತ ವಾದ ಮಾಡುವವನನ್ನು ಶತ್ರುವಿನ ಜಾಗಕ್ಕೆ ಕರೆದುಕೊಂಡು ಹೋಗಲು ಯಾರಿಗೂ ಇಷ್ಟವಿರುವುದಿಲ್ಲ.

ಆಗದವರನ್ನು ಆರ್‌ಟಿಯು ಮಾಡುತ್ತಾರೆ, ಅಂದರೆ ಮೊದಲಿನ ಘಟಕಕ್ಕೆ ವಾಪಸ್ ಕಳಿಸುತ್ತಾರೆ. ಅದು ಶಿಕ್ಷೆಯಲ್ಲ. ಎಷ್ಟೋ ಒಳ್ಳೆಯ ಸೈನಿಕರು ಹೀಗೆ ವಾಪಸ್ ಹೋಗಿ ಬೇರೆ ಕಡೆ ಹೆಸರು ಮಾಡಿದ್ದಾರೆ.

ಇಲ್ಲಿ ಜೋಪಾನವಾಗಿ ನೋಡಿಕೊಳ್ಳಬೇಕಾದ್ದು ಪಾದ. ಬೊಬ್ಬೆ ಬಂದರೆ ಅವತ್ತೇ ಶುಚಿ ಮಾಡಿ ಪಟ್ಟಿ ಹಾಕಿ. ಕಾಲುಚೀಲ ಒದ್ದೆಯಾದರೆ ಬದಲಾಯಿಸಿ. ಉಗುರು ನೇರವಾಗಿ, ಗಿಡ್ಡವಾಗಿ ಕತ್ತರಿಸಿ. ಕೇಳಲು ಅಜ್ಜಿ ಮಾತಿನ ಹಾಗಿದೆ ಅಲ್ವಾ? ಆದರೆ ಬೊಬ್ಬೆ ಕೀವಾಗಿ ಮನೆಗೆ ಹೋದವರ ಸಂಖ್ಯೆ ಕಡಿಮೆಯಲ್ಲ. ಇನ್ನೊಂದು, ನೋವು ಮತ್ತು ಗಾಯ ಎರಡೂ ಒಂದೇ ಅಲ್ಲ. ನೋವು ಸಹಿಸಿ. ಕಾಲೂರಲು ಆಗದಂಥ ಗಾಯ, ಬಿಸಿಲಿನಲ್ಲಿ ಬೆವರು ನಿಂತು ತಲೆ ಸುತ್ತುವುದು, ಇವನ್ನು ಮಾತ್ರ ಮುಚ್ಚಿಡಬೇಡಿ, ಕೂಡಲೇ ಹೇಳಿ.

ಪ್ರೊಬೇಷನ್ ಮುಗಿಸಿ ಮರೂನ್ ಟೋಪಿ ಸಿಗುವ ದಿನ ಗಾಜಿನ ಲೋಟದಲ್ಲಿ ರಮ್ ಕುಡಿದು ಅದರ ಅಂಚನ್ನು ಕಚ್ಚಿ ಜಗಿಯುವ ಪದ್ಧತಿಯ ಬಗ್ಗೆ ನೀವು ಕೇಳಿರಬಹುದು. ರೀಲ್ಸ್‌ನಲ್ಲಿ ಅದೇ ಜಾಸ್ತಿ ಓಡುತ್ತದೆ. ಆ ಗಾಜಿಗಿಂತ ಹಿಂದಿನ ತಿಂಗಳುಗಳು ಗಟ್ಟಿ. ಮನೆಯಲ್ಲಿ ಲೋಟ ಕಚ್ಚಿ ವಿಡಿಯೋ ಮಾಡಬೇಡಿ.

ಹಂತ 5: ಆಗ್ರಾ, ಮೊದಲು ನೆಲದ ಮೇಲೆ

ಜಂಪ್ ಕಲಿಸುವುದು ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲ್. ಇದನ್ನು ನಡೆಸುವುದು ವಾಯುಪಡೆ. ದೇಶ ವಿಭಜನೆಗೆ ಮೊದಲು ಇದು ರಾವಲ್ಪಿಂಡಿ ಹತ್ತಿರದ ಚಕ್ಲಾಲಾದಲ್ಲಿತ್ತು. ಕಲಿಸುವವರನ್ನು ಪಿಜೆಐ ಅನ್ನುತ್ತಾರೆ, ಪ್ಯಾರಾಶೂಟ್ ಜಂಪ್ ಬೋಧಕರು.

ಆಗ್ರಾಕ್ಕೆ ಹೋದ ತಕ್ಷಣ ವಿಮಾನ ಹತ್ತಿಸುತ್ತಾರೆ ಅಂದುಕೊಂಡವರಿಗೆ ನಿರಾಸೆ ಕಾದಿರುತ್ತದೆ. ದಿನಗಟ್ಟಲೆ ಮಾಡಿಸುವುದು ಒಂದೇ, ಬೀಳುವುದು.

ಯಾಕೆ ಅಂತ ಲೆಕ್ಕ ನೋಡಿ. ಗುಂಡು ಕೊಡೆಯಂಥ ಸೇನಾ ಪ್ಯಾರಾಶೂಟ್ ನಿಮ್ಮನ್ನು ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಇಳಿಸುತ್ತದೆ. ಅಂದರೆ ಐದಡಿ ಕಾಂಪೌಂಡ್ ಮೇಲಿಂದ ಹಾರಿದ ಹಾಗೆ. ಅದೇನು ಮಹಾ ಅನ್ನಬೇಡಿ. ಕಾಂಪೌಂಡಿನಿಂದ ಹಾರುವಾಗ ನೆಲ ಎಲ್ಲಿದೆ ಅಂತ ಗೊತ್ತಿರುತ್ತದೆ, ಗಾಳಿ ಪಕ್ಕಕ್ಕೆ ಎಳೆಯುತ್ತಿರುವುದಿಲ್ಲ, ಮೈಮೇಲೆ ಬಂದೂಕು ಸಾಮಾನು ಇರುವುದಿಲ್ಲ.

ಬೀಳುವ ಕ್ರಮ ಹೀಗೆ. ಎರಡೂ ಪಾದ, ಎರಡೂ ಮೊಣಕಾಲು ಅಂಟಿಸಿದ ಹಾಗೆ ಜೊತೆಗಿರಬೇಕು. ಮೊಣಕಾಲು ತುಸು ಬಾಗಿರಬೇಕು. ಗಲ್ಲ ಎದೆಗೆ ಒತ್ತಿರಬೇಕು, ಮೊಣಕೈ ಒಳಗಿರಬೇಕು. ಪಾದದ ಮುಂಭಾಗ ತಾಗಿದ ಕೂಡಲೇ ಮೈಯನ್ನು ಪಕ್ಕಕ್ಕೆ ತಿರುಗಿಸಿ ಉರುಳಬೇಕು. ಮೀನಖಂಡದ ಪಕ್ಕ, ತೊಡೆಯ ಪಕ್ಕ, ಕುಂಡಿ, ಆಮೇಲೆ ಬೆನ್ನಿನ ಮೇಲ್ಭಾಗ. ಪೆಟ್ಟು ಒಂದೇ ಕಡೆ ಕೂರದೆ ಮೈಯೆಲ್ಲ ಹಂಚಿಹೋಗುತ್ತದೆ. ನಿಂತುಕೊಂಡೇ ಇಳಿಯುವುದು ಸಿನಿಮಾದಲ್ಲಿ ಮಾತ್ರ ಚೆಂದ.

ಮೂರು ತಪ್ಪು ಎಲ್ಲರೂ ಮಾಡುತ್ತಾರೆ. ಮೊದಲನೆಯದು, ಕಾಲು ಅಗಲ ಮಾಡುವುದು. ಒಂದು ಕಾಲು ಮೊದಲು ತಾಗಿ ಪೂರ್ತಿ ಭಾರ ಅದರ ಮೇಲೆ ಬಿದ್ದು ಹರಡು ಮುರಿಯುತ್ತದೆ. ಎರಡನೆಯದು, ಕೆಳಗೆ ನೋಡುವುದು. ನೆಲ ನುಗ್ಗಿ ಬರುತ್ತಿರುವಂತೆ ಕಂಡು ಗೊತ್ತಿಲ್ಲದೆಯೇ ಕಾಲು ಮೇಲೆತ್ತುತ್ತೀರಿ, ಇಲ್ಲವೇ ನೆಲಕ್ಕೆ ಚಾಚುತ್ತೀರಿ. ದಿಗಂತದ ಕಡೆ ನೋಡಿ. ಮೂರನೆಯದು, ಕೈ ಊರಿ ಬೀಳುವುದನ್ನು ತಡೆಯಲು ಹೋಗುವುದು. ಹಾಗೆ ಮಾಡಿದರೆ ಮಣಿಕಟ್ಟು ಹೋಗುತ್ತದೆ. ಇವು ಬುದ್ಧಿಗೆ ಹೇಳಿದರೆ ಹೋಗುವ ತಪ್ಪುಗಳಲ್ಲ. ಅದಕ್ಕೇ ಮೈಗೆ ಅಭ್ಯಾಸವಾಗುವವರೆಗೆ ಬೀಳಿಸುತ್ತಾರೆ, ಬಲಕ್ಕೆ, ಎಡಕ್ಕೆ, ಹಿಂದಕ್ಕೆ.

ನೆಲದ ಮೇಲೇ ಇಟ್ಟಿರುವ ಡಮ್ಮಿ ವಿಮಾನದಲ್ಲಿ ಹೊರಬೀಳುವುದನ್ನು ಕಲಿಸುತ್ತಾರೆ. ಎತ್ತರದ ಟವರ್‌ನಿಂದ ಹಾರಿಸುತ್ತಾರೆ. ನೇತುಹಾಕಿ ಜೋಲಿಯಾಡಿಸಿ ಬಿಡುತ್ತಾರೆ. ಹಗ್ಗ ಸುತ್ತಿಕೊಂಡರೆ ಬಿಡಿಸುವುದು, ಮುಖ್ಯ ಪ್ಯಾರಾಶೂಟ್ ತೆರೆಯದಿದ್ದರೆ ಎದೆ ಮುಂದಿರುವ ರಿಸರ್ವ್ ಪ್ಯಾರಾಶೂಟ್ ಎಳೆಯುವುದು, ಎಲ್ಲವನ್ನೂ ನೆಲದ ಮೇಲೇ ಕಲಿಸುತ್ತಾರೆ.

ಹಂತ 6: ಐದು ಜಂಪ್

ಎಎನ್-32 ಅಥವಾ ಸಿ-130 ವಿಮಾನ. ಇಳಿಯುವ ಜಾಗ ಆಗ್ರಾ ಹತ್ತಿರದ ಮಲ್ಪುರ. ಇಂಥ ಜಾಗಕ್ಕೆ ಡಿಜೆಡ್ ಅನ್ನುತ್ತಾರೆ, ಅಂದರೆ ಡ್ರಾಪಿಂಗ್ ಝೋನ್. ಎತ್ತರ ನೆಲದಿಂದ ಸುಮಾರು 1,000ದಿಂದ 1,250 ಅಡಿ.

ಈ ಜಂಪಿನಲ್ಲಿ ಪ್ಯಾರಾಶೂಟನ್ನು ನೀವು ತೆರೆಯುವುದಿಲ್ಲ. ನಿಮ್ಮ ಬೆನ್ನಿನ ಚೀಲದಿಂದ ಒಂದು ಪಟ್ಟಿ ಹೊರಟು ವಿಮಾನದೊಳಗಿನ ಉಕ್ಕಿನ ಕೇಬಲ್ಲಿಗೆ ಕೊಕ್ಕೆಯಿಂದ ಸಿಕ್ಕಿಕೊಂಡಿರುತ್ತದೆ. ಅದನ್ನು ಸ್ಟ್ಯಾಟಿಕ್ ಲೈನ್ ಅನ್ನುತ್ತಾರೆ. ನೀವು ಹೊರಬಿದ್ದಾಗ ಅದೇ ಎಳೆದು ತೆರೆಯುತ್ತದೆ.

ಎದ್ದು ನಿಲ್ಲಲು ಹೇಳುತ್ತಾರೆ. ಕೊಕ್ಕೆ ಹಾಕುತ್ತೀರಿ. ನಿಮ್ಮದನ್ನು ನೀವು, ಮುಂದಿನವನ ಬೆನ್ನನ್ನು ನೀವು, ನಿಮ್ಮ ಬೆನ್ನನ್ನು ಹಿಂದಿನವನು ಪರೀಕ್ಷೆ ಮಾಡುತ್ತಾರೆ. ಬಾಗಿಲು ತೆರೆದಾಗ ಒಳನುಗ್ಗುವ ಗಾಳಿಯ ಸದ್ದಿಗೆ ಕಿವಿಗೆ ಏನೂ ಕೇಳಿಸುವುದಿಲ್ಲ. ಕೆಂಪು ದೀಪ. ಆಮೇಲೆ ಹಸಿರು. ಭುಜಕ್ಕೆ ಪೆಟ್ಟು ಬಿದ್ದರೆ ಹೋಗಬೇಕು. ಕಾಲು ಜೋಡಿಸಿ, ಕೈ ರಿಸರ್ವ್ ಮೇಲಿಟ್ಟು, ಗಟ್ಟಿಯಾಗಿ ಹೊರಗೆ ನೆಗೆಯಬೇಕು. ಅರ್ಧ ಮನಸ್ಸಿನಿಂದ ಜಾರಿದರೆ ಮೈ ತಿರುಗಿ ಹಗ್ಗ ಸುತ್ತಿಕೊಳ್ಳುತ್ತದೆ. ನಾಲ್ಕು ಸೆಕೆಂಡು ಎಣಿಸಿ, ತಲೆಯೆತ್ತಿ ನೋಡಬೇಕು. ಮೇಲೆ ಗುಂಡಗೆ ತುಂಬಿಕೊಂಡ ಬಟ್ಟೆ ಕಂಡರೆ ಸರಿ. ಇಲ್ಲದಿದ್ದರೆ ಯೋಚನೆಗೆ ಹೆಚ್ಚು ಹೊತ್ತಿಲ್ಲ, ರಿಸರ್ವ್ ಎಳೆಯಬೇಕು.

ಹಗ್ಗ ತಿರುಚಿಕೊಂಡಿದ್ದರೆ ಗಾಬರಿ ಬೇಡ. ಸೈಕಲ್ ತುಳಿದ ಹಾಗೆ ಕಾಲಾಡಿಸಿದರೆ ಬಿಚ್ಚಿಕೊಳ್ಳುತ್ತದೆ. ಸುತ್ತ ನೋಡಿ, ಬೇರೆಯವರಿಂದ ದೂರ ಸರಿಯಿರಿ. ಒಂದು ನಿಮಿಷದ ಆಚೀಚೆ ಎಲ್ಲ ಮುಗಿದಿರುತ್ತದೆ. ಇಳಿದ ಮೇಲೆ ಗಾಳಿಗೆ ಪ್ಯಾರಾಶೂಟ್ ನಿಮ್ಮನ್ನು ಎಳೆದುಕೊಂಡು ಹೋಗಬಹುದು. ತಕ್ಷಣ ಎದ್ದು ಅದರ ಸುತ್ತ ಓಡಿ ಗಾಳಿ ಬಿಡಿಸಿ.

ಐದು ಜಂಪ್ ಬೇಕು, ಅದರಲ್ಲಿ ಒಂದು ರಾತ್ರಿಯದು. ಮೊದಲನೆಯದಕ್ಕಿಂತ ಎರಡನೆಯದು ಕಷ್ಟ ಅನ್ನುವವರು ಜಾಸ್ತಿ. ಮೊದಲ ಸಲ ಏನು ಅಂತ ಗೊತ್ತಿರುವುದಿಲ್ಲ, ಎರಡನೇ ಸಲ ಗೊತ್ತಿರುತ್ತದೆ. ಬಾಗಿಲಲ್ಲಿ ಹೆದರಿಕೆ ಆಗದವರು ಯಾರೂ ಇಲ್ಲ, ಆಗಬಾರದು ಅಂತಲೂ ಇಲ್ಲ. ಆದರೆ ಹಸಿರು ದೀಪ ಬಂದಾಗ "ಆಗಲ್ಲ" ಅಂದು ನಿಂತರೆ, ಹಿಂದೆ ನಿಂತ ಸಾಲಿನವರೆಲ್ಲ ಡಿಜೆಡ್ ದಾಟಿಹೋಗುತ್ತಾರೆ. ಅಂಥವರನ್ನು ಉಳಿಸಿಕೊಳ್ಳುವುದು ಕಷ್ಟ.

ಹಣ ಕೊಟ್ಟು ಹೊರದೇಶದಲ್ಲೋ ಇಲ್ಲೋ ಸ್ಕೈಡೈವಿಂಗ್ ಮಾಡಿದ್ದೀನಿ, ಅದು ಲೆಕ್ಕಕ್ಕೆ ಬರುತ್ತಾ ಅಂತ ಕೆಲವರು ಕೇಳುತ್ತಾರೆ. ಬರಲ್ಲ. ಹೆದರಿಕೆ ಸ್ವಲ್ಪ ಕಡಿಮೆಯಾಗಿರಬಹುದು, ಅಷ್ಟೇ. ಕಾಲೇಜಿನಲ್ಲಿ ಓದುತ್ತಿದ್ದರೆ ಎನ್‌ಸಿಸಿ ಸೇರಿ. ಆಯ್ಕೆಯಾದ ಕೆಡೆಟ್‌ಗಳನ್ನು ಆಗ್ರಾಕ್ಕೆ ಪ್ಯಾರಾ ಕೋರ್ಸಿಗೂ ಕಳಿಸುತ್ತಾರೆ, ಹುಡುಗಿಯರನ್ನೂ. ಅದರಿಂದ ಯಾರೂ ಪ್ಯಾರಾ ಸೈನಿಕರಾಗುವುದಿಲ್ಲ, ಆದರೆ ಎನ್‌ಸಿಸಿ 'ಸಿ' ಸರ್ಟಿಫಿಕೇಟಿಗೆ ಅಗ್ನಿವೀರ್ ಆಯ್ಕೆಯಲ್ಲಿ ಬೋನಸ್ ಅಂಕ ಇದೆ.

ಹಂತ 7: ನೆಲ ಮುಟ್ಟಿದ ಮೇಲೆ

ಇತಿಹಾಸ ನೋಡಿದರೆ ನಮ್ಮ ಪ್ಯಾರಾ ಪಡೆ ಹೆಸರು ಮಾಡಿದ ಕಾಳಗಗಳಲ್ಲಿ ಹೆಚ್ಚಿನವು ಜಂಪ್ ಇಲ್ಲದವು. 1944ರಲ್ಲಿ ಮಣಿಪುರದ ಸಾಂಗ್ಶಾಕ್‌ನಲ್ಲಿ 50ನೇ ಪ್ಯಾರಾ ಬ್ರಿಗೇಡ್ ಜಪಾನೀಯರನ್ನು ತಡೆದು ನಿಂತಿದ್ದು ಕಾಲಾಳು ಪಡೆಯಾಗಿ. 1961ರಲ್ಲಿ ಗೋವಾಕ್ಕೆ ಅದೇ ಬ್ರಿಗೇಡ್ ಹೋದದ್ದು ನೆಲದ ಮೇಲೆ. 1965ರಲ್ಲಿ ಮೇಜರ್ ರಂಜಿತ್ ಸಿಂಗ್ ದಯಾಳ್ ನೇತೃತ್ವದಲ್ಲಿ 1 ಪ್ಯಾರಾದವರು ಹಾಜಿ ಪೀರ್ ಕಣಿವೆ ಹಿಡಿದದ್ದು ಮಳೆಯಲ್ಲಿ, ರಾತ್ರಿ, ಬೆಟ್ಟ ಹತ್ತಿ. 1988ರ ನವೆಂಬರ್ 3ರ ರಾತ್ರಿ ಅಲ್ಲಿನ ದಂಗೆ ಅಡಗಿಸಲು ಮಾಲ್ಡೀವ್ಸ್‌ಗೆ ಹೋದಾಗ ಜಂಪಿಗೂ ತಯಾರಾಗಿಯೇ ಹೊರಟಿದ್ದರು. ಆದರೆ ಅಲ್ಲಿನ ವಿಮಾನ ನಿಲ್ದಾಣ ಇರುವ ಹುಲ್ಹುಲೆಯ ರನ್‌ವೇ ದಂಗೆಕೋರರ ಕೈಗೆ ಹೋಗಿರದಿದ್ದರಿಂದ ವಿಮಾನದಲ್ಲೇ ಇಳಿದರು.

ಜಂಪ್ ಮಾಡಿ ಹೋರಾಡಿದ್ದು ಅಂದರೆ ಎಲ್ಲರಿಗೂ ನೆನಪಾಗುವುದು ಟಾಂಗೈಲ್. 1971ರ ಡಿಸೆಂಬರ್ 11, ಇವತ್ತಿನ ಬಾಂಗ್ಲಾದೇಶ. 2 ಪ್ಯಾರಾ, ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು. ಉತ್ತರದಿಂದ ಢಾಕಾ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಪಡೆಯ ದಾರಿ ಕಡಿಯಲು ಪೂಂಗ್ಲಿ ಸೇತುವೆ ಹಿಡಿಯಬೇಕಿತ್ತು. ಸಂಜೆ ಹೊತ್ತಿನ ಡ್ರಾಪ್, ಜನ ಚದುರಿ ಬಿದ್ದರು. ಗದ್ದೆ, ಕೊಳ, ಹಳ್ಳಿಗಳ ಮಧ್ಯೆ ಕತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಸೇರಬೇಕಿತ್ತು. ಸೇರಿದರು, ಸೇತುವೆ ಹಿಡಿದರು, ರಾತ್ರಿಯೆಲ್ಲ ಬಂದ ದಾಳಿಯನ್ನು ತಡೆದರು. ಮರುದಿನ ನೆಲದ ಮೇಲಿಂದ ಬಂದು ಅವರನ್ನು ಕೂಡಿಕೊಂಡದ್ದು 1 ಮರಾಠಾ, ಬೆಳಗಾವಿಯ ರೆಜಿಮೆಂಟಿನವರೇ. ಡಿಸೆಂಬರ್ 16ರಂದು ಢಾಕಾಕ್ಕೆ ಮೊದಲು ಕಾಲಿಟ್ಟವರಲ್ಲಿ 2 ಪ್ಯಾರಾದವರಿದ್ದರು.

ಪ್ರೊಬೇಷನ್‌ನಲ್ಲಿ ರಾತ್ರಿ ನಕ್ಷೆ ಯಾಕೆ, ಭಾರ ಯಾಕೆ, ನಿದ್ದೆ ಯಾಕೆ ಕೆಡಿಸುತ್ತಾರೆ ಅನ್ನುವುದಕ್ಕೆ ಆ ಒಂದು ರಾತ್ರಿಯಲ್ಲಿ ಉತ್ತರ ಇದೆ. ಪ್ಯಾರಾಟ್ರೂಪರ್ ಇಳಿಯುವ ಕಡೆ ಹಿಂದೆ ರಸ್ತೆ ಇಲ್ಲ, ಟ್ಯಾಂಕ್ ಇಲ್ಲ, ಅಡಿಗೆಮನೆ ಇಲ್ಲ. ಮೈಮೇಲೆ ಹೊತ್ತು ತಂದದ್ದಷ್ಟೇ ಆಸ್ತಿ. ಆಫೀಸರ್ ಬೇರೆ ಕಡೆ ಬಿದ್ದಿದ್ದರೆ ಸಿಪಾಯಿಗಿಂತ ಒಂದೇ ಮೆಟ್ಟಿಲು ಮೇಲಿನ ಲ್ಯಾನ್ಸ್ ನಾಯಕನೇ ಮೂರು ಜನರನ್ನು ಕಟ್ಟಿಕೊಂಡು ಮುಂದೆ ಹೋಗಬೇಕು. ಯಾರಾದರೂ ಹೇಳಲಿ ಅಂತ ಕಾಯುವವನಿಂದ ಈ ಕೆಲಸ ಆಗಲ್ಲ.

ಹಂತ 8: ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು

ರೆಕ್ಕೆ ಸಿಕ್ಕಿತು ಅಂತ ಮುಗಿಯಲ್ಲ. ಆಗಾಗ ಜಂಪ್ ಮಾಡುತ್ತಲೇ ಇರಬೇಕು. ಇಲ್ಲದಿದ್ದರೆ ಅಭ್ಯಾಸ ತಪ್ಪುತ್ತದೆ, ಪ್ಯಾರಾ ಭತ್ಯೆಗೂ ತೊಂದರೆ. ಓಟ, ಗುರಿ, ಮಾರ್ಚ್ ಪರೀಕ್ಷೆಗಳು ಬರುತ್ತಲೇ ಇರುತ್ತವೆ. ಎಸ್‌ಎಫ್‌ನಲ್ಲಿ ಇದರ ಮೇಲೆ ಒಬ್ಬೊಬ್ಬರಿಗೂ ಒಂದೊಂದು ವಿದ್ಯೆ: ಸ್ಫೋಟಕ, ರೇಡಿಯೋ, ಚಿಕಿತ್ಸೆ, ನೀರೊಳಗಿನ ಕೆಲಸ. ಫ್ರೀ ಫಾಲ್ ಅಂತ ಇನ್ನೊಂದಿದೆ. ತುಂಬಾ ಎತ್ತರದಿಂದ, ಬೇಕಾದರೆ ಆಮ್ಲಜನಕ ಹಾಕಿಕೊಂಡು ನೆಗೆದು, ಪ್ಯಾರಾಶೂಟನ್ನು ತಾವೇ ತೆರೆಯುವುದು. ಅದನ್ನೆಲ್ಲ ಈಗ ತಲೆಗೆ ಹಚ್ಚಿಕೊಳ್ಳಬೇಡಿ.

ಕೊನೆಗೆ ಎರಡು ಮಾತು, ಎರಡೂ ಹಣಕ್ಕೆ ಸಂಬಂಧಿಸಿದ್ದು. ಮರೂನ್ ಟೋಪಿ, ಬಲಿದಾನ್ ಬ್ಯಾಡ್ಜ್ ಈಗ ಆನ್‌ಲೈನಿನಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುತ್ತವೆ. ಸೈನಿಕನ ಹಾಗೆ ಕಾಣಿಸಿಕೊಳ್ಳಲು ಅವನ್ನು ಹಾಕಿಕೊಂಡು ಓಡಾಡುವುದು ಅಪರಾಧ. ಸೇರಬೇಕು ಅನ್ನುವವನಿಗೆ ಪೊಲೀಸ್ ಕೇಸು ಬೇಕಾ? ಇನ್ನು "ಪ್ಯಾರಾ ಕೋಚಿಂಗ್" ಅಂತ ಸಾವಿರಗಟ್ಟಲೆ ಕೇಳುವ ಅಕಾಡೆಮಿಗಳು. ಲಿಖಿತ ಪರೀಕ್ಷೆಗೆ, ಓಟಕ್ಕೆ ತರಬೇತಿ ಬೇಕಾದರೆ ಹೋಗಿ, ಫೀಸು ವಿಚಾರಿಸಿ, ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಯನ್ನು ಮಾತ್ರ ಯಾರ ಕೈಗೂ ಒತ್ತೆ ಇಡಬೇಡಿ. ರ‍್ಯಾಲಿ ದಿನ ಅದನ್ನೇ ಮೊದಲು ಕೇಳುತ್ತಾರೆ.